ಸುಲಿಯದೆ ಉಳಿದ ಮೀನುಗಳು

ಕೋಲು ಮೇಷ್ಟ್ರು ಕಾಲೇಜಿನಲ್ಲಿ ಬೆನ್ನೆಲುಬಿರುವ ಪ್ರಾಣಿಗಳ ಒಡಲಿನ ಪಾಠ ಮಾಡುತ್ತಾ ತಲೆ ಬೆಳ್ಳಗೆ ಮಾಡಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಪ್ರಾಣಿಯನ್ನೂ ಕೈಯಿಂದ ಮುಟ್ಟಿರಲಿಲ್ಲ.

ಇದು ಅವರನ್ನು ಕಂಡರಾಗದವರು ಹಬ್ಬಿಸಿದ ಸುದ್ದಿಯಲ್ಲ. ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಪ್ರತಿ ವರ್ಷ ಹೊಸ ತರಗತಿಯ ಮುಂದೆ ಎರಡೂ ಅಂಗೈ ಚಾಚಿ ತೋರಿಸುವರು. "ನೋಡಿ, ಇಷ್ಟು ವರ್ಷ ಸರ್ವೀಸಾಯ್ತು. ಒಂದು ತೊಟ್ಟು ರಕ್ತ ಸೋಕಿಲ್ಲ. ವಿದ್ಯೆ ಇರೋದು ತಲೇಲಿ, ಕೈಯಲ್ಲಲ್ಲ." ಮಕ್ಕಳು ಚಪ್ಪಾಳೆ ತಟ್ಟುವರು. ದಡದ ಮೇಲೆ ನಿಂತು ಈಜು ಕಲಿಸುವವನಿಗೂ ಚಪ್ಪಾಳೆ ತಟ್ಟುವ ವಯಸ್ಸು ಅದು.

ಅವರ ಹತ್ತಿರ ಇದ್ದದ್ದು ಒಂದು ಕೋಲು. ತೆಳ್ಳಗೆ, ಉದ್ದಕ್ಕೆ, ತುದಿಗೊಂದು ಹಿತ್ತಾಳೆ ಟೊಪ್ಪಿ. ಪ್ರಯೋಗಾಲಯಕ್ಕೆ ಬಂದರೆ ಸೆಂಟು ಹಾಕಿದ ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಮೇಜಿನಿಂದ ಮಾರು ದೂರ ನಿಂತು, ಕೋಲಿನ ತುದಿಯಲ್ಲಿ "ಇದು ಪಿತ್ತಕೋಶ, ಇದು ಜಠರ" ಎನ್ನುವರು. ಪಾಠ ಮುಗಿದ ಮೇಲೆ ಕೋಲಿನ ತುದಿಗೆ ಸೋಪು ಹಾಕಿ ತೊಳೆಸುವರು. ತೊಳೆಸುವರು, ತೊಳೆಯುವರಲ್ಲ.

ಹಾಗಾದರೆ ಕುಯ್ಯುತ್ತಿದ್ದವನು ಯಾರು? ಪ್ರಯೋಗಾಲಯದ ಜವಾನ. ಅವನು ನಿವೃತ್ತನಾದ. ಆ ಜಾಗಕ್ಕೆ ಬೇರೆಯವರನ್ನು ತುಂಬಲಿಲ್ಲ. ಮೇಷ್ಟ್ರಿಗೆ ಕೈ ಮುರಿದಂತಾಯಿತು. ಅದೇ ವರ್ಷ ಚೂರಿ ಕಾಲೇಜಿಗೆ ಸೇರಿದಳು.

ಚೂರಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೊದಲನೇ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮ ತಂದೆ ಏನ್ಮಾಡ್ತಾರೆ?" ಎಂದು ಕೇಳುತ್ತಾ ಬಂದರು. ಡಾಕ್ಟರ ಮಗ ಡಾಕ್ಟರು ಎಂದ. ಮುಂದಿನ ಬೆಂಚಿನವಳು ಬ್ಯಾಂಕು ಎಂದಳು. ಇವಳ ಸರದಿ ಬಂತು.

"ಕಸಾಯಿಖಾನೇಲಿ ಚರ್ಮ ಸುಲೀತಾರೆ ಸರ್."

 ಪಕ್ಕದಲ್ಲಿ ಕೂತಿದ್ದವಳು ತನ್ನ ಬ್ಯಾಗನ್ನು ಮೆಲ್ಲಗೆ ಆಚೆ ಎಳೆದುಕೊಂಡಳು, ಬ್ಯಾಗಿನ ಹಿಂದೆಯೇ ತಾನೂ ಸರಿದಳು. ಮೇಷ್ಟ್ರ ಮುಖ ಮಾತ್ರ ಅರಳಿತು. ಕಳೆದುಹೋಗಿದ್ದ ಕೊಡೆ ಬಾಗಿಲ ಹಿಂದೆಯೇ ಸಿಕ್ಕಿದವರ ಮುಖ ಹಾಗೆ ಅರಳುತ್ತದೆ.

"ಹಾಗಾದ್ರೆ ನಿಂಗೆ ಹುಟ್ಟುತ್ತಲೇ ಕೈಗೆ ಬಂದಿರುತ್ತೆ ಬಿಡಮ್ಮ. ಒಳ್ಳೇದೇ ಆಯ್ತು."

ಮಧ್ಯಾಹ್ನದ ಹೊತ್ತಿಗೆ ಡಾಕ್ಟರ ಮಗ ಅವಳಿಗೆ ಚೂರಿ ಎಂದು ಹೆಸರಿಟ್ಟ. ಅವಳ ನಿಜವಾದ ಹೆಸರು ಆಮೇಲೆ ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು.

ತಮಾಷೆ ಏನೆಂದರೆ, ಆ ಇಡೀ ತರಗತಿಯಲ್ಲಿ ಚೂರಿ ಹಿಡಿದೇ ಗೊತ್ತಿಲ್ಲದವಳು ಅವಳೊಬ್ಬಳೇ.

ಕಸಾಯಿಖಾನೆಯ ಹಿಂದೆ ಸುಲಿಯುವವರ ಸಾಲುಮನೆಗಳಿದ್ದವು. ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಚೂರಿ ಮನೆಗೆ ಬರಬಾರದು. ಬೆಳಗಿನಿಂದ ಚೂರಿ ಹಿಡಿದ ಗಂಡಸರು ಸಂಜೆ ಅದನ್ನು ತೊಳೆದು, ಒರೆಸಿ, ಕೆಲಸದ ಜಾಗದಲ್ಲೇ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಬರುತ್ತಿದ್ದರು. ದಿನವೆಲ್ಲ ಅದನ್ನು ನೋಡಿ ನೋಡಿ ಸಾಕಾಗಿರುತ್ತಿತ್ತು, ಮನೆಯಲ್ಲೂ ಅದರ ಮುಖ ನೋಡಬೇಕೇ? ಹಾಗಾಗಿ ಆ ಮನೆಗಳಲ್ಲಿ ತರಕಾರಿ ಹೆಚ್ಚಲಿಕ್ಕೂ ಚೂರಿ ಇರಲಿಲ್ಲ. ಹೆಂಗಸರು ಹುರುಳಿಕಾಯಿ ಕೈಯಲ್ಲಿ ಮುರಿಯುವರು, ಸೊಪ್ಪು ಕೈಯಲ್ಲಿ ಹರಿಯುವರು, ಈರುಳ್ಳಿಯನ್ನು ಕಲ್ಲಿನಲ್ಲಿ ಜಜ್ಜುವರು. ಡಾಕ್ಟರ ಮಗ ಮನೆಯಲ್ಲಿ ಸೇಬು ಹೆಚ್ಚಿಕೊಂಡು ತಿಂದು ಬೆಳೆದವನು. ಚೂರಿ ಎಂಬ ಹೆಸರಿನವಳು ಸೇಬನ್ನು ಕಚ್ಚಿ ತಿಂದು ಬೆಳೆದವಳು.

ಮೊದಲ ಪ್ರಯೋಗಕ್ಕೆ ಶಾರ್ಕ್ ಮೀನು ಬಂದವು. ದೊಡ್ಡವೇನಲ್ಲ, ಮೊಣಕೈಯುದ್ದದವು. ಕೊಳೆಯದಂತೆ ಫಾರ್ಮಲಿನ್ನಿನಲ್ಲಿ ಅದ್ದಿಟ್ಟು ಮರದ ಕೊರಡಿನಂತೆ ಬಿರುಸಾಗಿದ್ದವು. ಡ್ರಮ್ಮಿನ ಮುಚ್ಚಳ ತೆಗೆದರೆ ಕಣ್ಣಿಗೆ ಕಾರದಪುಡಿ ಎರಚಿದ ಹಾಗೆ. ಎಲ್ಲರೂ ಬಾಗಿಲ ಕಡೆ ಓಡಿದರು. ಎಲ್ಲರಿಗಿಂತ ಮುಂದೆ ಮೇಷ್ಟ್ರು.

"ಚೂರಿ... ಅಲ್ಲ, ಏನಮ್ಮ ನಿನ್ನ ಹೆಸರು? ಬಾ, ನೀನು ಕೈ ಹಚ್ಚು."

"ಸರ್, ನಾನು ಯಾವತ್ತೂ ಚೂರಿ ಹಿಡಿದಿಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗುವುದಕ್ಕೆಂದೇ ಮೂಗಿನ ಕರವಸ್ತ್ರ ತೆಗೆದರು. "ನೋಡ್ರಪ್ಪ, ಮೀನಿಗೆ ಈಜಕ್ಕೆ ಬರಲ್ವಂತೆ!"

ಅವಳು ಕುಯ್ದಳು. ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಒಂದು ಸಾಲು ಓದಿ ಒಂದು ಗೆರೆ ಎಳೆಯುತ್ತಾ ಕುಯ್ದಳು. ಅರ್ಧಕ್ಕೇ ಹೊರಗೆ ಓಡಿ ವಾಂತಿ ಮಾಡಿಕೊಂಡು ಬಂದಳು. "ನಾಟಕ ಬೇಡಮ್ಮ, ನಾಚಿಕೆ ಯಾಕೆ?" ಎಂದರು ಮೇಷ್ಟ್ರು. ಅವತ್ತು ಅವಳಿಗೆ ಬಂದದ್ದು ನಾಚಿಕೆಯಲ್ಲ, ಅಳು. ಅದನ್ನೂ ನುಂಗಿಕೊಂಡಳು.

ಅಲ್ಲಿಂದ ಅದೇ ಪದ್ಧತಿಯಾಗಿ ಕೂತಿತು. ವಾರಕ್ಕೊಮ್ಮೆ ಪ್ರಯೋಗ. ಇಪ್ಪತ್ತು ತಟ್ಟೆ, ತಟ್ಟೆಯಲ್ಲಿ ಮೇಣ, ಮೇಣದ ಮೇಲೆ ಮೀನು. ಅವಳು ಒಂದೊಂದರ ಮುಂದೆಯೂ ನಿಂತು ಗಂಟಲಿನ ಕೆಳಗಿನ ಚರ್ಮ ಸುಲಿದು, ಎರಡೂ ಪಕ್ಕಕ್ಕೆ ಮಗುಚಿ ಗುಂಡುಸೂಜಿ ಚುಚ್ಚಿ ಕೊಡಬೇಕು. ಆಮೇಲೆ ಆ ತಟ್ಟೆಯವರು ಬಂದು, ಚಿಮಟದಲ್ಲಿ ಅಲ್ಲಿ ಇಲ್ಲಿ ಸ್ವಲ್ಪ ಕೆದಕಿ, ಚಿತ್ರ ಬರೆದು, ಬಣ್ಣದ ಪೆನ್ಸಿಲ್ಲಿನಲ್ಲಿ ರಕ್ತನಾಳಕ್ಕೆ ಕೆಂಪು ತುಂಬುವರು. ಶಾರ್ಕಿನ ಚರ್ಮ ಮರ ಉಜ್ಜುವ ಉಪ್ಪುಕಾಗದದ ಹಾಗೆ. ತಿಂಗಳೊಪ್ಪತ್ತಿನಲ್ಲಿ ಅವಳ ಬೆರಳ ತುದಿಗಳು ಸವೆದು ನುಣ್ಣಗಾದವು, ಆಮೇಲೆ ಬಿರಿದವು. ಬಿರುಕಿಗೆ ಫಾರ್ಮಲಿನ್ ಇಳಿದರೆ ಉಗುರು ಕಿತ್ತ ಹಾಗಾಗುತ್ತಿತ್ತು. ಸಂಜೆ ಉಪ್ಪು ಹಾಕಿದ ಊಟಕ್ಕೆ ಕೈ ಹಾಕಲು ಆಗುತ್ತಿರಲಿಲ್ಲ. ಅವಳ ಸ್ವಂತ ತಟ್ಟೆಯ ಮುಂದೆ ಬಂದು ನಿಲ್ಲುವಾಗ ಗಂಟೆ ಹೊಡೆಯುತ್ತಿತ್ತು. ಅವಳ ಚಿತ್ರದ ಕೆಳಗೆ ಮೇಷ್ಟ್ರು ಪ್ರತಿ ವಾರ ಅದೇ ಒಂದು ಮಾತು ಬರೆಯುತ್ತಿದ್ದರು: "ಅಪೂರ್ಣ."

ಕೈ ತೊಳೆಯಲು ಹೋದರೆ ಅದಕ್ಕೂ ಮೇಷ್ಟ್ರದ್ದೊಂದು ಕಾನೂನು.

"ಕುಯ್ದವರು ಹಿಂದುಗಡೆ ನಲ್ಲೀಲಿ ತೊಳ್ಕೊಳ್ಳಿ. ಇಲ್ಲಿ ಬೇಸಿನ್ನಿಗೆ ವಾಸನೆ ಹತ್ತುತ್ತೆ."

ಕುಯ್ದವರು ಎಂದರೆ ಬಹುವಚನ. ಆದರೆ ಹಿಂದುಗಡೆ ನಲ್ಲಿಯ ಮುಂದೆ ನಿಲ್ಲುತ್ತಿದ್ದವಳು ಒಬ್ಬಳೇ.

ಪಾಠದ ಕೋಣೆಯಲ್ಲಿ ಮಾತ್ರ ಮೇಷ್ಟ್ರು ಬೇರೆಯೇ ಮನುಷ್ಯ. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಕುದುರೆಯ ಮುಂಗಾಲು, ಮನುಷ್ಯನ ತೋಳು, ನಾಲ್ಕನ್ನೂ ಕರಿಹಲಗೆಯ ಮೇಲೆ ಒಂದರ ಪಕ್ಕ ಒಂದು ಬರೆಯುವರು. ಮೇಲೆ ಒಂದು ಮೂಳೆ, ಕೆಳಗೆ ಎರಡು, ಆಮೇಲೆ ಚಿಲ್ಲರೆ ಮೂಳೆಗಳು, ಕೊನೆಗೆ ಬೆರಳು. "ಹೊರಗಡೆ ನೋಡಿ ಮೋಸ ಹೋಗಬೇಡಿ. ಒಳಗಡೆ ಎಲ್ಲಾ ಒಂದೇ ಮನೆಯವರು!" ಎಂದು ಕೋಲಿನಿಂದ ನಾಲ್ಕನ್ನೂ ತಟ್ಟಿ ತೋರಿಸುವರು. ಬಾವಲಿಯ ಜೊತೆ ನೆಂಟಸ್ತಿಕೆ ಒಪ್ಪಿಕೊಂಡಿದ್ದರು. ಕುದುರೆಯ ಜೊತೆ ಒಪ್ಪಿಕೊಂಡಿದ್ದರು. ಮೂರನೇ ಬೆಂಚಿನಲ್ಲಿ ಒಂಟಿಯಾಗಿ ಕೂತಿದ್ದ ಹುಡುಗಿಯ ಕೈಯಿಂದ ಮಾತ್ರ ಒಂದು ಕಾಗದವನ್ನೂ ನೇರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. "ಮೇಜಿನ ಮೇಲೆ ಇಡಮ್ಮ" ಎನ್ನುವರು.

ಪರೀಕ್ಷೆಗೆ ಮೊದಲು ಒಂದು ತಾಲೀಮು ಪರೀಕ್ಷೆ ನಡೆಯಿತು. ಆವತ್ತೂ ಎಲ್ಲರ ಮೀನು ಅವಳೇ ಸುಲಿದಳು. ಡಾಕ್ಟರ ಮಗನಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಅವಳು ಫೇಲು.

ಅವಳು ಹೋಗಿ ಕೇಳಿದಳು. "ಸರ್, ಹತ್ತೊಂಬತ್ತು ಜನರದ್ದು ನಾನೇ ಸುಲಿದೆ. ನನ್ನದಕ್ಕೆ ಹೊತ್ತೇ ಸಿಗಲಿಲ್ಲ."

"ಚುರುಕು ಬೇಕಮ್ಮ, ಚುರುಕು! ನಿಮ್ಮ ತಂದೆ ದಿನಕ್ಕೆ ಎಷ್ಟು ಸುಲೀತಾರೆ? ಹೊತ್ತಿಲ್ಲ ಅಂತ ಅಳ್ತಾ ಕೂರ್ತಾರಾ?" ಎಂದರು ಮೇಷ್ಟ್ರು. ಪಕ್ಕದಲ್ಲಿದ್ದವರು ಕಿಸಕ್ಕೆಂದರು. ಆಮೇಲೆ ದನಿ ತಗ್ಗಿಸಿ, "ಪರೀಕ್ಷೆ ದಿನ ಬೆಳಿಗ್ಗೆ ಬೇಗ ಬಂದ್ಬಿಡು. ಹೊರಗಿಂದ ಪರೀಕ್ಷಕರು ಬರೋದ್ರೊಳಗೆ ಎಲ್ಲಾ ತಟ್ಟೆ ಸುಲಿದು ರೆಡಿ ಇರಬೇಕು. ಜವಾನ ಇದ್ದಾಗಿಂದ ನಡ್ಕೊಂಡು ಬಂದಿದ್ದು. ಏನು?" ಎಂದರು.

ಅವಳು ತನ್ನ ಹಾಳೆ ಮಡಿಚಿಕೊಂಡು ಹೊರಗೆ ಬಂದಳು.  

ಅವಳ ಅಮ್ಮ ಕರುಳು ತೊಳೆಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಮೊಣಕಾಲುದ್ದ ನೀರಿನಲ್ಲಿ ದಿನವೆಲ್ಲ ನಿಂತು ನಿಂತು ಅವಳ ಕಾಲಬೆರಳ ಸಂದಿಯಲ್ಲಿ ಹುಣ್ಣು ಮಾಯುತ್ತಿರಲಿಲ್ಲ. ಶೆಡ್ಡಿನ ಸೂಪರ್‌ವೈಸರು ವರ್ಷದಿಂದ ಒಂದೇ ರಾಗ ಎಳೆಯುತ್ತಿದ್ದ: "ಮಗಳನ್ನ ತಂದು ನಿಲ್ಲಿಸು, ನೀನು ಮನೇಲಿ ಕೂತ್ಕೋ." ಅಪ್ಪ ಅಮ್ಮ ಇಬ್ಬರೂ ಅವನಿಗೆ ಹೇಳಿದ್ದು, ಅವಳು ಓದಿ ಶಾಲೆಯಲ್ಲಿ ವಿಜ್ಞಾನದ ಟೀಚರಾಗುತ್ತಾಳೆ ಎಂದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದರೆ ವರ್ಷ ಹೋಯಿತು. ಇನ್ನೊಂದು ವರ್ಷ ಅಮ್ಮನ ಕಾಲು ತಡೆಯುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅವಳು ಚಮಚ ತೆಗೆದುಕೊಂಡಳು. ಅಪ್ಪ ನೋಡಿದ.

"ಇದ್ಯಾವಾಗಿಂದ ಚಮಚದ ಶೋಕಿ? ಎಲ್ಲಿ, ಕೈ ತೋರಿಸು."

ತೋರಿಸಿದಳು. ಅಪ್ಪ ಆ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ತಿರುಗಿಸಿ ನೋಡಿದ.

"ಕಾಲೇಜಲ್ಲಿ ಮೀನು ಸುಲೀತೀವಿ ಅಪ್ಪ."

"ಸುಲೀತೀವಿ ಅಂದ್ರೆ? ಎಲ್ರೂನಾ?"

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಎಲ್ರೂನಾ ಅಂತ ಕೇಳ್ದೆ."

"ಎಲ್ರದ್ದೂ ನಾನೇ."

ಅಪ್ಪ ತಟ್ಟೆ ಸರಿಸಿದ. ಅವನು ಜೋರು ಮಾಡುವ ಮನುಷ್ಯನಲ್ಲ. ದಿನವಿಡೀ ಸತ್ತ ದನದ ಪಕ್ಕ ಕೂತು ಅವನ ದನಿಯೇ ತಗ್ಗಿಹೋಗಿತ್ತು. ಆವತ್ತು ಮಾತ್ರ ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಕೂಗಿದ.

"ನನ್ನ ಚೂರಿ ಈ ಹೊಸ್ತಿಲು ದಾಟದ ಹಾಗೆ ಇಷ್ಟು ವರ್ಷ ಕಾಯ್ದೆನಲ್ಲೇ! ನಿಮ್ಮಮ್ಮ ಈರುಳ್ಳಿ ಜಜ್ಜಿ ಜಜ್ಜಿ ಕೈ ಸವೆಸ್ಕೊಂಡ್ಲು! ಆ ನನ್ಮಗ ಕಾಲೇಜಲ್ಲಿ ಕೂರಿಸಿ ನಿನ್ನ ಕೈಗೆ ಚೂರಿ ಕೊಟ್ನಾ?"

"ಕುಯ್ಯೋದು ಪಾಠದಲ್ಲೇ ಇದೆ ಅಪ್ಪ. ನನಗೆ ಇಷ್ಟಾನೇ ಅದು. ಮೀನಿನ ಹೃದಯಕ್ಕೆ ಎರಡೇ ಕೋಣೆ, ಕಪ್ಪೆಗೆ ಮೂರು, ನಮಗೆ ನಾಲ್ಕು. ಅದನ್ನ ಕಣ್ಣಾರೆ ನೋಡ್ದಾಗ..."

"ನಿನ್ನ ಮೀನು ನೀನು ಕುಯ್ಯಿ, ಬೇಡ ಅನ್ನಲ್ಲ. ಮಿಕ್ಕಿದ್ದಕ್ಕೆ ಕಾಲೇಜಿಗ್ಯಾಕೆ ಹೋಗ್ಬೇಕು? ಆ ಕೆಲ್ಸಕ್ಕೆ ಶೆಡ್ಡಿದೆಯಲ್ಲ, ಅಲ್ಲಾದ್ರೂ ಸಂಬಳ ಕೊಡ್ತಾರೆ."

ಅಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಗೋಡೆಯ ಕಡೆ ನೋಡಿ, "ಮೇಷ್ಟ್ರನ್ನ ಎದುರು ಹಾಕ್ಕೊಂಡ್ರೆ ಪಾಸು ಮಾಡ್ತಾನಾ ಅವನು?" ಎಂದಳು.

 ಚೂರಿಗೂ ಹೆದರಿಕೆಯಾಯಿತು. ಹೆದರಿಕೆ ಅಷ್ಟೇ ಆಗಿದ್ದರೆ ಅವಳು ಮೇಷ್ಟ್ರು ಹೇಳಿದ ಹಾಗೆ ಬೇಗ ಎದ್ದು ಹೋಗುತ್ತಿದ್ದಳೋ ಏನೋ. ಸಿಟ್ಟೂ ಇತ್ತು.

ಪರೀಕ್ಷೆಯ ದಿನ ಅವಳು ಎಲ್ಲರೂ ಬರುವ ಹೊತ್ತಿಗೆ ಬಂದಳು. ತಲೆ ಬಾಚಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು, ಮೊನೆ ಮಾಡಿದ ಪೆನ್ಸಿಲ್ ಹಿಡಿದುಕೊಂಡು ಬಂದಳು. ಬಾಗಿಲಲ್ಲಿ ಕೋಲು ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ದೆ? ಏಳಕ್ಕೇ ಬಂದು ಕಾಯ್ತಿದೀನಿ!"

"ಪರೀಕ್ಷೆ ಇರೋದು ಹತ್ತಕ್ಕೆ ಸರ್."

ಅಷ್ಟರಲ್ಲಿ ಹೊರಗಿನ ಪರೀಕ್ಷಕಿ ಬಂದೇಬಿಟ್ಟರು. ಕುಳ್ಳಗಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿದ್ದರು, ಬಂದವರೇ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಮಕ್ಕಳು ತಟ್ಟೆಗಳ ಮುಂದೆ ನಿಂತರು. ತಟ್ಟೆಗಳಲ್ಲಿ ಮೀನುಗಳು ಇಡೀ ಚರ್ಮ ಹೊದ್ದುಕೊಂಡು, ಬಾಯಿ ತೆರೆದು, ಹಲ್ಲು ತೋರಿಸಿಕೊಂಡು ಮಲಗಿದ್ದವು. ಡ್ರಮ್ಮಿನಿಂದ ಎತ್ತಿ ಹಾಕಲು ಮೇಷ್ಟ್ರು ಕಾವಲುಗಾರನ ಕೈಕಾಲು ಹಿಡಿದಿದ್ದರಂತೆ.

ಪ್ರಶ್ನೆ ಒಂದೇ: ಚರ್ಮ ಸುಲಿದು, ಹೃದಯದಿಂದ ಕಿವಿರುಗಳಿಗೆ ರಕ್ತ ಒಯ್ಯುವ ನಾಳಗಳನ್ನು ಒಂದು ಪಕ್ಕದಲ್ಲಿ ಬಿಡಿಸಿ ತೋರಿಸಿ.

"ಶುರು ಮಾಡಿ," ಎಂದರು ಪರೀಕ್ಷಕಿ.

ಯಾರೂ ಶುರು ಮಾಡಲಿಲ್ಲ. ಶುರು ಮಾಡಿದವಳು ಚೂರಿ ಒಬ್ಬಳೇ. ಮಿಕ್ಕವರು ಗರ ಬಡಿದವರ ಹಾಗೆ ಮೀನನ್ನು ನೋಡುತ್ತಾ ನಿಂತರು. ಡಾಕ್ಟರ ಮಗ ಕೈಯಲ್ಲಿದ್ದ ಚೂರಿಯನ್ನು ಪೆನ್ನಿನಂತೆ ಹಿಡಿದುಕೊಂಡು ಮೀನಿನ ಮೇಲೆ ಸಹಿ ಹಾಕುವವನಂತೆ ಗೀಚಿದ. ಅದು ಜಾರಿ ಮೇಣಕ್ಕೆ ನಾಟಿತು. ನಾಳೆ ಊರವರ ಹೊಟ್ಟೆ ಕುಯ್ಯಬೇಕಾದವನು ಅವನು.

ಮುಂದಿನ ಬೆಂಚಿನವಳು ಕೈ ಎತ್ತಿದಳು. "ಮೇಡಂ, ಚರ್ಮ ಸುಲಿದಿಲ್ಲ."

"ಸುಲಿಯಮ್ಮ. ಅದಕ್ಕೇ ಅಲ್ವಾ ನಿನ್ನ ಕರೆದಿರೋದು?"

"ಸುಲಿದು ಕೊಡ್ತಾರೆ ಯಾವಾಗ್ಲೂ."

"ಯಾರು ಕೊಡ್ತಾರೆ?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ಚೂರಿಯ ಮೇಜಿಗೆ ಬಂದರು. ಮಾರು ದೂರ ಇವತ್ತು ಗೇಣಾಯಿತು. ಪಿಸುಗುಟ್ಟಿದರು.

"ಆಗಿದ್ದಾಯ್ತು. ಬೇಗ ಬೇಗ ಎಲ್ಲರದ್ದೂ ಒಂದು ಸಲ ಎಳೆದುಬಿಡು. ನಿಂಗೇನು ಅರ್ಧ ಗಂಟೆ ಕೆಲಸ."

ಅವಳು ಪಿಸುಗುಟ್ಟಲಿಲ್ಲ.

"ಪರೀಕ್ಷೇಲಿ ಇನ್ನೊಬ್ರದ್ದು ಮಾಡಿಕೊಟ್ರೆ ಅದಕ್ಕೆ ನಕಲು ಅಂತಾರೆ ಸರ್."

"ಬಾಯಿ ಮುಚ್ಚು. ನೀನು ರೂಢಿ ಇರೋಳು, ಅವರೆಲ್ಲ ಮನೇಲಿ ಇಂಥದ್ದು ಕಂಡವರಲ್ಲ. ಒಂದು ಸಹಾಯ ಅಂತ..."

"ನಾನೂ ನಮ್ಮನೇಲಿ ಕಂಡಿರಲಿಲ್ಲ. ನನಗೆ ರೂಢಿ ಮಾಡಿಸಿದ್ದು ನೀವು, ನಮ್ಮಪ್ಪ ಅಲ್ಲ. ಒಂದು ವರ್ಷ ಹತ್ತೊಂಬತ್ತು ಜನರ ಮೀನು ಸುಲಿದೆ, ಹಿಂದುಗಡೆ ನಲ್ಲೀಲಿ ಕೈ ತೊಳೆದೆ. ಇನ್ನು ಸುಲಿಯಲ್ಲ."

  ಚೂರಿ ತನ್ನ ಮೀನಿನ ಮೇಲೆ ಮತ್ತೆ ಬಗ್ಗಿದಳು.

"ಮೇಷ್ಟ್ರೇ," ಎಂದರು ಪರೀಕ್ಷಕಿ, "ನೀವೇ ಒಂದು ಮೀನು ಸುಲಿದು ತೋರಿಸಿಬಿಡಿ. ನೋಡ್ಕೊಂಡು ಮಾಡ್ತಾರೆ."

ಅದೆಂಥ ಮಾತು! ಮೇಷ್ಟ್ರ ಮುಖ ಹರಳೆಣ್ಣೆ ಕುಡಿದವರಂತಾಯಿತು. ಕೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ಎಡಗೈಯಿಂದ ಬಲಗೈಗೆ ಬದಲಾಯಿಸಿದರು. ಆಮೇಲೆ ಪರೀಕ್ಷಕಿಯನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಏನೇನೋ ಹೇಳಿದರು. ಮಕ್ಕಳ ಭವಿಷ್ಯ, ಕಾಲೇಜಿನ ಮಾನ, ಜವಾನನ ಜಾಗ ಖಾಲಿ, ಬಸ್ಸಿಗೆ ಹೊತ್ತಾಗುತ್ತದೆ. ಕೊನೆಯದು ಪರೀಕ್ಷಕಿಗೆ ನಾಟಿತು.

ಮೇಷ್ಟ್ರು ಎದೆಯುಬ್ಬಿಸಿಕೊಂಡು ಬಂದರು. "ಎಲ್ಲರೂ ಚೂರಿ ಕೆಳಗಿಡಿ. ಮೀನು ಸರಿಯಿಲ್ಲ, ಬಿರುಸಾಗಿದೆ. ಅದರ ಬದಲು ನಾಳಗಳ ಚಿತ್ರ ಬರೆದು ಹೆಸರು ಗುರುತಿಸಿ. ಸಾಕು."

ತರಗತಿಗೆ ಹೋದ ಜೀವ ಬಂತು. ತಟ್ಟೆಗಳನ್ನು ಮೊಣಕೈಯಿಂದ ಆಚೆ ತಳ್ಳಿ ಕಾಗದ ಹಿಡಿದರು. ಬಣ್ಣದ ಪೆನ್ಸಿಲ್ಲುಗಳು ಹೊರಬಂದವು. ವರ್ಷವೆಲ್ಲ ಒಬ್ಬಳ ಕೈಯಲ್ಲಿ ಸುಲಿಸಲು ಸರಿಯಿದ್ದ ಮೀನು, ತಾವು ಸುಲಿಯಬೇಕಾದ ದಿನ ಬಿರುಸಾಗಿಬಿಟ್ಟಿತ್ತು.

"ನೀನೂ ನಿಲ್ಲಿಸಮ್ಮ," ಎಂದರು ಮೇಷ್ಟ್ರು.

ಅವಳು ನಿಲ್ಲಿಸಲಿಲ್ಲ. "ಪ್ರಶ್ನೇಲಿ ಸುಲಿದು ಬಿಡಿಸಿ ತೋರಿಸಿ ಅಂತ ಇದೆ ಸರ್. ನಾನು ತೋರಿಸ್ತೀನಿ."

ಚರ್ಮ ಮಗುಚಿದಳು. ಅದರ ಕೆಳಗಿನ ಮಾಂಸದ ಪದರಗಳನ್ನು ಒಂದೊಂದಾಗಿ ಎತ್ತಿ ತೆಗೆದಳು. ಬಿರಿದ ಬೆರಳು ಉರಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಭುಜಕ್ಕೆ ಒರೆಸಿಕೊಂಡಳು. ಹೃದಯ ಕಂಡಿತು. ಅದರಿಂದ ಮೇಲಕ್ಕೆ ಹೋಗುವ ದಪ್ಪ ನಾಳ, ದಾರದ ಹಾಗೆ ಪಕ್ಕಕ್ಕೆ ಒಡೆಯುವ ಸಣ್ಣ ನಾಳಗಳು. ಎರಡನೆಯದನ್ನು ಬಿಡಿಸುವಾಗ ಆತುರ ಮಾಡಿ ಹರಿದುಕೊಂಡಳು. ಛೇ ಎಂದು ಹಲ್ಲು ಕಚ್ಚಿದಳು. ಉಳಿದ ನಾಲ್ಕು ಚೆನ್ನಾಗಿ ಬಂದವು. ಒಂದು ವರ್ಷದಲ್ಲಿ ಮೊದಲ ಸಲ ತನ್ನ ಮೀನನ್ನು ತಾನು ಪೂರ್ತಿ ನೋಡುತ್ತಿದ್ದಳು. ಅವಳಿಗೆ ಖುಷಿಯಾಯಿತು, ಬೇರೆ ಎಲ್ಲ ಮರೆತು ಖುಷಿಯಾಯಿತು.

ಗಂಟೆ ಹೊಡೆದಾಗ ಎಲ್ಲರೂ ಚಿತ್ರಗಳನ್ನು ಪರೀಕ್ಷಕರ ಮೇಜಿನ ಮೇಲೆ ಪೇರಿಸಿದರು. ಚೂರಿ ತಟ್ಟೆಯನ್ನೇ ಎತ್ತಿಕೊಂಡು ಹೋಗಿ, ಆ ಬೆಳ್ಳನೆ ಕಾಗದಗಳ ಪಕ್ಕದಲ್ಲಿಟ್ಟಳು. ಫಾರ್ಮಲಿನ್ನಿನ ನೀರು ಹರಿದು ಕೆಂಪು ಬಣ್ಣದ ನಾಳಗಳ ಅಂಚು ನೆನೆಯತೊಡಗಿತು.

ಮೇಷ್ಟ್ರು ಕುರ್ಚಿ ಹಿಂದಕ್ಕೆ ತಳ್ಳಿದರು. ಪರೀಕ್ಷಕಿ ಕನ್ನಡಕವನ್ನು ಮೂಗಿಗೆ ಇಳಿಸಿದರು. ಒಂದು ಗಳಿಗೆ ನೋಡಿ, ತೋಳು ಮೇಲೇರಿಸಿ, ಬೆರಳು ಹಾಕಿ ಒಂದೊಂದೇ ನಾಳ ಎತ್ತಿ ಎಣಿಸಿದರು.

"ಎರಡನೇದು ಹರಿದಿದೀಯ."

"ಹೌದು ಮೇಡಂ."

"ಹೂಂ. ಮಿಕ್ಕಿದ್ದು ಸರಿ ಇದೆ." ಅಂಕ ಹಾಕಿ, ಹಾಳೆಯನ್ನು ಪಕ್ಕಕ್ಕೆ ಸರಿಸಿದರು. "ಮೇಷ್ಟ್ರೇ, ನಿಮ್ಮ ಪಾಲಿನ ಅಂಕ ನೀವು ಹಾಕಿ. ಮುಟ್ಟಿ ನೋಡಿ ಹಾಕಿ, ಇಲ್ಲದಿದ್ರೆ ನಾನು ಸಹಿ ಮಾಡಲ್ಲ. ಈ ಚಿತ್ರಗಳಿಗೂ ಮಾಡಲ್ಲ." ಬಸ್ಸಿನ ಮಾತು ಅವರಿಗೆ ಮರೆತಂತಿತ್ತು.

ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಕೋಲು ಚಾಚಿದರು. ಹಿತ್ತಾಳೆಯ ತುದಿ ಮೀನಿನ ಎದೆಯ ಹತ್ತಿರ ಬಂದಾಗ ಚೂರಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕೋಲು ತಾಗಿದ್ರೆ ಹರಿದು ಹೋಗುತ್ತೆ ಸರ್. ಒಂದು ನಾನೇ ಹರಿದಿದೀನಿ, ಅಷ್ಟು ಸಾಕು. ಬೆರಳಲ್ಲಿ ನೋಡಿ."

ಮೇಷ್ಟ್ರು ಎಳೆದರು. ಅವಳು ಬಿಡಲಿಲ್ಲ. ಹತ್ತೊಂಬತ್ತು ಜನ ನೋಡುತ್ತಿದ್ದರು, ಅವರ ಚಿತ್ರಗಳೂ ಅದೇ ಸಹಿಗೆ ಕಾಯುತ್ತಿದ್ದವು. "ಸರ್, ಮುಟ್ಟಿಬಿಡಿ ಸರ್," ಎಂದು ಡಾಕ್ಟರ ಮಗ ಹಿಂದಿನಿಂದ ಅಂಗಲಾಚಿದ.

ಮೇಷ್ಟ್ರು ಕೋಲು ಬಿಟ್ಟರು. ಅವರ ಬರಿಗೈ ಮೀನಿನ ಮೇಲೆ ಗಾಳಿಯಲ್ಲಿ ನಿಂತಿತು. ಇಳಿಯಲೊಲ್ಲದು, ಹಿಂದಕ್ಕೆ ಹೋಗಲಾರದು. ಚೂರಿ ಕೋಲನ್ನು ಗೋಡೆಗೆ ಒರಗಿಸಿ ಕಾಯುತ್ತಾ ನಿಂತಳು. ಅವಳಿಗೆ ಯಾವ ಅವಸರವೂ ಇರಲಿಲ್ಲ. ಆವತ್ತು ಅವಳು ಸುಲಿಯಬೇಕಾಗಿದ್ದದ್ದು ಒಂದೇ ಮೀನು.